ಎರಡು ಗಳಿಗೆಯ ಹಾಲು

ಹಾಲಿನ ಎದುರು ಜಾಣರಾದವರನ್ನು ನಾನು ಈವರೆಗೆ ಕಂಡಿಲ್ಲ. ಒಲೆಯ ಮೇಲಿಟ್ಟ ಹಾಲು ನಾವು ಪಕ್ಕದಲ್ಲಿ ನಿಂತಿರುವಷ್ಟು ಹೊತ್ತು ಮಹಾ ಸಭ್ಯವಾಗಿರುತ್ತದೆ. ಜಗಲಿಗೆ ಯಾರು ಬಂದರು ಎಂದು ಇಣುಕಿ ಬರುವಷ್ಟರಲ್ಲಿ ಒಲೆಯನ್ನೆಲ್ಲ ತೊಳೆದಿರುತ್ತದೆ. ತೆರೆದಿಟ್ಟರೆ ಬೆಕ್ಕು, ಮುಚ್ಚಿಟ್ಟರೆ ಇರುವೆ, ಮರೆತರೆ ಹುಳಿ. ನಾನು ಪ್ರಾಥಮಿಕ ಶಾಲೆಯ ಟೀಚರು. ಭಾಗಾಕಾರದ ಹೆಸರು ಕೇಳಿದರೆ ಹೊಟ್ಟೆನೋವು ಬರುತ್ತಿದ್ದ ಮಕ್ಕಳಿಗೆ ಭಾಗಾಕಾರ ಕಲಿಸಿದ್ದೇನೆ, ಇನ್ಸ್‌ಪೆಕ್ಟರರು ತಪಾಸಣೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಾಗಲೂ ಕೈಯ ಸೀಮೆಸುಣ್ಣ ನಡುಗಿಸಿದವಳಲ್ಲ. ಆದರೆ ಒಂದು ಕಾಲದಲ್ಲಿ ಒಂದು ಸಣ್ಣ ಸ್ಟೀಲಿನ ಡಬ್ಬಿಗೆ ಹೆದರಿ ದಿನ ಕಳೆದಿದ್ದೇನೆ. ಡಬ್ಬಿಯಲ್ಲಿ ಇದ್ದದ್ದು ಹಾಲು. ಹಸುವಿನದ್ದಲ್ಲ, ಎಮ್ಮೆಯದ್ದಲ್ಲ, ನನ್ನದೇ. ಇಂಥದ್ದನ್ನೆಲ್ಲ ಬರೆಯುವುದುಂಟೇ ಎಂದು ಮೂಗಿನ ಮೇಲೆ ಬೆರಳಿಡುವವರು ಇದ್ದರೆ, ಅವರೂ ಒಂದು ಕಾಲದಲ್ಲಿ ಅದನ್ನೇ ಕುಡಿದು ದೊಡ್ಡವರಾದವರು ಎಂದು ನೆನಪಿಸಿ ಮುಂದುವರಿಯುತ್ತೇನೆ.

ನಯಾಪೈಸೆ ಬಂದು, ಹಳೆಯ ಆಣೆ ಕಾಸು ಇನ್ನೂ ಜನರ ಬಾಯಿಂದ ಹೋಗದಿದ್ದ ಕಾಲ ಅದು. ನಮ್ಮ ಮನೆ ಮೂಡುಬಿದಿರೆಯಲ್ಲಿ, ಬಸದಿಯ ಬೀದಿಯಲ್ಲಿ. ನನ್ನ ಶಾಲೆ ಪುತ್ತಿಗೆಯಲ್ಲಿ. ನನ್ನ ಯಜಮಾನರು ಬಸ್‌ಸ್ಟ್ಯಾಂಡಿನಲ್ಲಿ ಒಂದು ಬಸ್ಸು ಕಂಪೆನಿಯ ಏಜೆಂಟರು. ಅಂದರೆ ಸೀಟು ಬರೆಯುವುದು, ಪಾರ್ಸೆಲು ತೆಗೆದುಕೊಳ್ಳುವುದು, ಬಾರದ ಬಸ್ಸು ಈಗ ಬಂತು ಎಂದು ನಂಬಿಸುವುದು. ಅವರಿಗೆ ಲೋಕದಲ್ಲಿ ಬೆಳಗು, ಮಧ್ಯಾಹ್ನ, ಸಂಜೆ ಎಂಬುದಿಲ್ಲ, ಬೆಳ್ತಂಗಡಿ ಬಸ್ಸು ಹೋದ ಮೇಲೆ, ಬಂಟ್ವಾಳ ಬಸ್ಸು ಬರುವ ಮೊದಲು ಎಂದೇ ಲೆಕ್ಕ. ನಮ್ಮ ಮಗಳು ಹುಟ್ಟಿದ ಹೊತ್ತನ್ನು ಜಾತಕ ಬರೆಯುವವರಿಗೆ ಹೇಳುವಾಗಲೂ ಅವರು ಬಸ್ಸಿನ ಹೆಸರು ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡಿದ್ದರು. ಮಗಳ ಹೆಸರು ವಿಮಲಾ. ಅವಳು ಹುಟ್ಟಿ, ನರಿಕೊಂಬಿನ ನನ್ನ ತವರಿನಲ್ಲಿ ಬಾಣಂತನ ಮುಗಿದು, ನಾನು ಮೂಡುಬಿದಿರೆಗೆ ಮರಳಿದ ಸ್ವಲ್ಪ ದಿನಕ್ಕೇ ರಜೆಯೂ ಮುಗಿಯಿತು.

ಇನ್ನು ಮನೆಯಲ್ಲಿದ್ದ ನಾಲ್ಕನೆಯ ಜೀವ ನನ್ನ ಅತ್ತೆ. ಅತ್ತೆ ಅಂದರೆ ನಿಯಮ. ನೀರು ಸೋಸದೆ ಕುಡಿಯುವಂತಿಲ್ಲ, ನೆಲದ ಕೆಳಗೆ ಬೆಳೆದದ್ದು ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ, ಸೂರ್ಯ ಮುಳುಗಿದ ಮೇಲೆ ಒಂದು ಅಗುಳು ಬಾಯಿಗೆ ಹೋಗುವಂತಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಬೇರೆಯವರು ಗಾದೆಗೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದರ ಮೊದಲರ್ಧ ಗಾದೆಯಲ್ಲ, ಕಾನೂನು. ಆದರೆ ಅತ್ತೆ ಜೋರಿನ ಹೆಂಗಸಲ್ಲ. ಬೈಯುವುದಿಲ್ಲ, ಕೂಗುವುದಿಲ್ಲ. ಮೆಲ್ಲಗೆ ಒಂದು ಮಾತು ಹೇಳಿ ಪಾತ್ರೆ ತೊಳೆಯಲು ಹೋಗಿಬಿಡುತ್ತಾರೆ. ಆಮೇಲೆ ಆ ಮಾತಿಗೆ ಮೇಲಿನ ಕೋರ್ಟು ಇಲ್ಲ.

ಬೆಳಿಗ್ಗೆ ಮಗುವಿಗೆ ಹೊಟ್ಟೆ ತುಂಬ ಕುಡಿಸಿ ಹೊರಟರೆ, ಸಂಜೆ ಬಂದು ಮತ್ತೆ ಕುಡಿಸಬಹುದು. ನಡುವಿನ ಮಧ್ಯಾಹ್ನದ್ದೇ ಸಂಕಟ. ಹಸುವಿನ ಹಾಲಿಗೆ ನೀರು ಬೆರೆಸಿ ಕೊಟ್ಟು ನೋಡಿದೆವು. ಮಗುವಿನ ಹೊಟ್ಟೆ ಕೆಟ್ಟು, ಅತ್ತೆಗೆ ಬಟ್ಟೆ ಒಗೆದು ಒಗೆದು ಸೊಂಟ ಹಿಡಿಯಿತು. ಡಾಕ್ಟರು, "ತಾಯಿಯ ಹಾಲೇ ಕೊಡಿ, ಬೇರೆ ಏನೂ ಬೇಡ" ಎಂದರು. ತಾಯಿ ಪುತ್ತಿಗೆಯಲ್ಲಿ ಮಗ್ಗಿ ಹೇಳಿಸುತ್ತಿರುವಾಗ ಹಾಲು ಮೂಡುಬಿದಿರೆಯಲ್ಲಿ ಹೇಗೆ ಬರಬೇಕು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ, ಏಕೆಂದರೆ ಅದಕ್ಕೆ ಉತ್ತರ 'ಕೆಲಸ ಬಿಡಿ' ಎಂದೇ ಬರುತ್ತಿತ್ತು. ಕೆಲಸ ಬಿಡಲು ನನಗೆ ಮನಸ್ಸಿರಲಿಲ್ಲ. ಟ್ರೈನಿಂಗಿಗೆ ಹೋಗಲು ಅಪ್ಪನ ಹತ್ತಿರ ಅತ್ತು, ಪಾಸಾಗಲು ಪುಸ್ತಕದ ಹತ್ತಿರ ಅತ್ತು ಪಡೆದ ಕೆಲಸ ಅದು. ಕಪ್ಪು ಹಲಗೆಯ ಎದುರು ನಿಂತರೆ ನಾನು ಯಾರ ಸೊಸೆಯೂ ಅಲ್ಲ, ಯಾರ ಮಗಳೂ ಅಲ್ಲ, ಬರೀ ಟೀಚರು. ಆ ಸುಖ ಕಂಡವರಿಗೇ ಗೊತ್ತು.

ಹಾಲು ಹಿಂಡಿ ಇಡುವ, ಎಂದು ನಿರ್ಧರಿಸಿದೆವು. ಯಜಮಾನರು ಉತ್ಸಾಹದಿಂದ ಮಂಗಳೂರಿಗೆ ಹೋಗಿ ಅದಕ್ಕೆಂದೇ ಇರುವ ಒಂದು ಗಾಜಿನ ಪಂಪು ತಂದರು. ಮದ್ದಿನ ಅಂಗಡಿಯಲ್ಲಿ ಬೇರೆ ಗಿರಾಕಿಗಳೆಲ್ಲ ಹೋಗಲಿ ಎಂದು ಕಾದು ನಿಂತು, ಸುಮ್ಮನೆ ನಿಂತರೆ ಚಂದವಲ್ಲ ಎಂದು ಹಲ್ಲುಪುಡಿ, ತಲೆನೋವಿನ ಎಣ್ಣೆ, ಕೊನೆಗೆ ಒಂದು ಜಂತುಹುಳದ ಮದ್ದನ್ನೂ ಕೊಂಡಿದ್ದರು. ಪಂಪು ಅಂದರೆ ಒಂದು ಗಾಜಿನ ಬುರುಡೆ, ಅದರ ಹಿಂದೆ ಕೆಂಪು ರಬ್ಬರಿನ ಉಂಡೆ. ಅತ್ತೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಉಂಡೆಯನ್ನು ಒಮ್ಮೆ ಒತ್ತಿದರು. ಪುಸ್ ಎಂದಿತು. "ನೀನು ಬಸ್ಸಿನ ಏಜೆಂಟ ಹೌದು ಮಗಾ, ಆದರೆ ಶಬ್ದ ಬಾರದ ಹಾರ್ನು ಯಾಕೆ ತಂದದ್ದು?" ಎಂದು ಮಗನನ್ನು ಕೇಳಿದರು. ನಾನು ಅದನ್ನು ಒಂದು ಸಲ ಪ್ರಯೋಗಿಸಿ ಕಣ್ಣಲ್ಲಿ ನೀರು ತಂದುಕೊಂಡ ಮೇಲೆ ಅದು ಅಟ್ಟಕ್ಕೆ ಹೋಯಿತು. ಆಮೇಲೆ ಅತ್ತೆಯೇ ಹೇಳಿಕೊಟ್ಟರು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟುಕೊಳ್ಳುವುದು, ಅವಸರ ಮಾಡದಿರುವುದು, ಕಣ್ಣುಮುಚ್ಚಿ ಮಗುವಿನ ಮುಖ ನೆನೆಸಿಕೊಳ್ಳುವುದು. "ಹಾಲು ಕೈಗೆ ಬರುವುದಲ್ಲ, ನೆನಪಿಗೆ ಬರುವುದು" ಎಂದರು. ಅದು ನಿಜವೇ. ಆಮೇಲಾಮೇಲೆ ಪಾಠ ಮಾಡುತ್ತಿರುವಾಗ ಯಾವುದೋ ಹುಡುಗ ಮನೆಯ ನೆನಪಾಗಿ ಅತ್ತರೂ ನನ್ನ ರವಕೆ ಒದ್ದೆಯಾಗಿ, ಸೆರಗನ್ನು ಇನ್ನೊಂದು ಸುತ್ತು ಹೊದ್ದು ಮಗ್ಗಿ ಹೇಳಿಸಬೇಕಾಗುತ್ತಿತ್ತು.

ಹಿಂಡುವ ಸಮಸ್ಯೆ ಮುಗಿಯಿತು, ಇಡುವ ಸಮಸ್ಯೆ ಸುರುವಾಯಿತು. ಬೆಳಿಗ್ಗೆ ಹೊರಡುವ ಮೊದಲು ಡಬ್ಬಿಗೆ ಹಿಂಡಿ, ಮುಚ್ಚಿ, ಒದ್ದೆ ಮರಳಿನ ಮಡಕೆಯಲ್ಲಿ ತಣ್ಣಗಿಟ್ಟು, "ಮಧ್ಯಾಹ್ನ ಒಳಲೆಯಲ್ಲಿ ಕುಡಿಸಿ ಅತ್ತೆ" ಎಂದೆ. ಒಳಲೆ ಅಂದರೆ ಮಗುವಿಗೆ ಹಾಲು ಹನಿಸುವ ಮೂತಿ ಇರುವ ಬೆಳ್ಳಿಯ ಸಣ್ಣ ಬಟ್ಟಲು, ನಮ್ಮ ಯಜಮಾನರೂ ಅದರಲ್ಲೇ ಕುಡಿದು ಏಜೆಂಟರಾದದ್ದು. ಅತ್ತೆ ಮಡಕೆಯನ್ನು ನೋಡಿದರು, ನನ್ನನ್ನು ನೋಡಿದರು. "ಕರೆದ ಹಾಲು ಎರಡು ಗಳಿಗೆಯ ಒಳಗೆ ಒಲೆ ಕಾಣಬೇಕಲ್ಲ" ಎಂದರು. ನಮ್ಮ ಜೈನರಲ್ಲಿ ಹಾಗೊಂದು ನಿಯಮ ಉಂಟು. ಕರೆದ ಹಾಲನ್ನು ಎರಡು ಗಳಿಗೆ, ಅಂದರೆ ಈಗಿನ ಲೆಕ್ಕದ ನಲವತ್ತೆಂಟು ನಿಮಿಷದ ಒಳಗೆ ಸೋಸಿ ಕಾಯಿಸಬೇಕು. ಮೀರಿದರೆ ಅದರಲ್ಲಿ ಕಣ್ಣಿಗೆ ಕಾಣದ ಜೀವಗಳು ಹುಟ್ಟುತ್ತವೆ, ಕುಡಿದರೆ ಪಾಪ. "ಅದು ಹಸುವಿನ ಹಾಲಿಗೆ ಅತ್ತೆ" ಎಂದೆ. "ಜೀವಗಳಿಗೆ ಹಸು ಯಾವುದು, ಸೊಸೆ ಯಾವುದು ಎಂದು ಹೇಗೆ ಗೊತ್ತಾಗಬೇಕು?" ಎಂದು ಹೇಳಿ ಪಾತ್ರೆ ತೊಳೆಯಲು ಹೋದರು. ಅಂದು ಹಾಲನ್ನು ಕಾಯಿಸಿದರು. ವಿಮಲಾ ಒಂದು ಹನಿ ರುಚಿ ನೋಡಿ, ಉಳಿದದ್ದನ್ನು ಅಜ್ಜಿಯ ಮೇಲೆ ಉಗುಳಿದಳು. ಮರುದಿನವೂ ಅಷ್ಟೆ. ಮೂರನೆಯ ದಿನ ಒಳಲೆಯನ್ನು ಕಂಡ ಕೂಡಲೇ ಬಾಯಿ ಹೊಲಿದುಕೊಂಡಳು.

ಅತ್ತೆ ಬಸದಿಯ ಪುರೋಹಿತರನ್ನು ಕೇಳುವುದೆಂದು ಹೊರಟರು. ನಮ್ಮ ಕಡೆ ಬಸದಿಯ ಪುರೋಹಿತರಿಗೆ ಇಂದ್ರರು ಎನ್ನುವುದು. ನಮ್ಮ ಇಂದ್ರರು ಹೆಸರಿಗೆ ಇಂದ್ರರೇ ಹೊರತು, ಇನ್ನೂ ಮದುವೆಯಾಗದ, ಮೀಸೆ ಸರಿಯಾಗಿ ಮೂಡದ ನಾಚಿಕೆಯ ಹುಡುಗ. ನಾನು ಬೇಡ ಬೇಡ ಎಂದರೂ ಅತ್ತೆ ನನ್ನನ್ನು ಎಳೆದುಕೊಂಡೇ ಹೋದರು. ಅಷ್ಟದ್ರವ್ಯದ ತಟ್ಟೆ ಹಿಡಿದು ನಿಂತಿದ್ದವರನ್ನು ತಡೆದು, ಹಾಲು, ಗಳಿಗೆ, ಸೊಸೆ, ಡಬ್ಬಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಇಂದ್ರರ ಕಿವಿ ಕೆಂಪಾಯಿತು. ನನ್ನನ್ನೂ ನೋಡಲಾರದೆ, ಅತ್ತೆಯನ್ನೂ ನೋಡಲಾರದೆ ಅವರು ಕಂಬವನ್ನು ನೋಡಿ ಮಾತಾಡಿದರು. "ಶಾಸ್ತ್ರದಲ್ಲಿ ಆಕಳು ಉಂಟು, ಎಮ್ಮೆ ಉಂಟು ಅಮ್ಮಾ. ತಾಯಿಯ ಹಾಲನ್ನು ಡಬ್ಬಿಗೆ ಹಾಕುವ ಸಂಗತಿ ಹಿಂದಿನವರಿಗೆ ಯೋಚನೆಗೆ ಬಂದ ಹಾಗೆ ಕಾಣುವುದಿಲ್ಲ."

"ಹಾಗಾದರೆ ದೋಷ ಇಲ್ಲವಾ?"

"ಇಲ್ಲ ಎಂದೂ ಹೇಳುವ ಹಾಗಿಲ್ಲ."

"ಉಂಟಾ?"

"ಉಂಟು ಎಂದು ಬರೆದದ್ದೂ ಇಲ್ಲ. ನಿಮ್ಮ ಮನಸ್ಸಿಗೆ ಸಮಾಧಾನ ಆಗುವ ಹಾಗೆ ನೋಡಿಕೊಳ್ಳಿ," ಎಂದು ಹೇಳಿ ಅವರು ಗರ್ಭಗುಡಿಯ ಒಳಗೆ ಹೋದವರು ನಾವು ಬೀದಿ ದಾಟುವ ತನಕ ಹೊರಗೆ ಬರಲಿಲ್ಲ. ದಾರಿಯಲ್ಲಿ ಅತ್ತೆ ತೀರ್ಪು ಕೊಟ್ಟರು. ಗೊತ್ತಿಲ್ಲದ ವಿಷಯದಲ್ಲಿ ಬಿಗಿಯಾಗಿರುವುದೇ ಲೇಸು. ಕಾಯಿಸದ ಹಾಲನ್ನು ಎರಡು ಗಳಿಗೆಯ ಒಳಗೆ ತಂದುಕೊಟ್ಟರೆ ಕುಡಿಸುತ್ತೇನೆ. ಹೊತ್ತು ಮೀರಿದ ಹಾಲನ್ನು ಕುಡಿಸುವುದಿಲ್ಲ. "ಒಂದು ದಿನ ಹೊತ್ತು ಮೀರಿತೋ, ಮಗು ಅಂದು ಉಪವಾಸ. ಹಾಲು ಕುಡಿಯುವ ಮಗುವನ್ನು ಉಪವಾಸ ಹಾಕುವ ಮನೆ ನಮ್ಮದಲ್ಲ. ಹಾಗಾದ ಮರುದಿನದಿಂದ ನೀನು ಮನೆಯಲ್ಲಿ ಇರು." ಮಾತು ಮೆತ್ತಗೇ ಇತ್ತು. ಬೀದಿಯಲ್ಲಿ ತೊಳೆಯಲು ಪಾತ್ರೆ ಇರಲಿಲ್ಲವಾದ್ದರಿಂದ ಸುಮ್ಮನೆ ಮುಂದೆ ನಡೆದರು. ನನ್ನ ಕೆಲಸ ಅಂದಿನಿಂದ ನಲವತ್ತೆಂಟು ನಿಮಿಷದ ದಾರದಲ್ಲಿ ನೇತಾಡತೊಡಗಿತು.

ನಮ್ಮ ಜಿಲ್ಲೆಯಲ್ಲಿ ಬಸ್ಸು ಜನರಿಗಾಗಿ ಇರುವುದು ಎಂದು ಹೊರಗಿನವರು ತಿಳಿಯುತ್ತಾರೆ. ಜನ ಹತ್ತುವುದು ಹೌದು, ಆದರೆ ಅದರ ಮುಖ್ಯ ಕೆಲಸ ಬೇರೆ. ಮಗಳ ಮನೆಗೆ ಮಲ್ಲಿಗೆಯ ಚೆಂಡು, ತಂಗಿಗೆ ಜ್ವರದ ಮದ್ದು, ಮರೆತು ಬಂದ ಕನ್ನಡಕ, ಮದುವೆಗೆ ಬಾಳೆಎಲೆ, ಎಲ್ಲವೂ ಕಂಡಕ್ಟರನ ಕೈಯಲ್ಲೇ ಹೋಗಬೇಕು. "ಇದನ್ನು ಇಂಥಲ್ಲಿ ಕೊಡಿ" ಎಂದರೆ ಸಾಕು, ಹೆಸರೂ ಬೇಡ. ಆದ್ದರಿಂದ ಯಜಮಾನರು ಬಸ್ಸಿನ ಉಪಾಯ ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಹನ್ನೆರಡಕ್ಕೆ ಶಾಲೆಯ ಗಂಟೆ ಹೊಡೆಯುತ್ತದೆ. ನಾನು ಹಾಲು ಹಿಂಡಿ ಡಬ್ಬಿ ಮುಚ್ಚುವಷ್ಟರಲ್ಲಿ ಮೂಡುಬಿದಿರೆಗೆ ಹೋಗುವ ಬಸ್ಸು ಬರುತ್ತದೆ. ಕಂಡಕ್ಟರ ತೆಗೆದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಅವರ ಕೈಗೆ ಕೊಟ್ಟರೆ, ಅವರು ನಡೆದರೂ ಎರಡು ಗಳಿಗೆಯ ಒಳಗೆ ಮನೆ. ಅತ್ತೆ ಯೋಚಿಸಿ ಒಪ್ಪಿದರು. ಬಸ್ಸಿನಲ್ಲಿ ಹತ್ತು ಜನರ ಕಣ್ಣು ಬೀಳುತ್ತದೆ ಎಂದು ಡಬ್ಬಿಯ ಕುತ್ತಿಗೆಗೆ ದೃಷ್ಟಿ ಪರಿಹಾರಕ್ಕೆ ಒಂದು ಇದ್ದಿಲಿನ ತುಂಡನ್ನು ಕಟ್ಟಿಕೊಟ್ಟರು. ಒಂದು ಹನಿಯೂ ನೆಲಕ್ಕೆ ಬೀಳಬಾರದು, ತುಳಿದರೆ ತಾಯಿಯ ಹಾಲು ಬತ್ತುತ್ತದೆ ಎಂದೂ ಎಚ್ಚರಿಸಿದರು.

ಈ ಏರ್ಪಾಟಿನಲ್ಲಿ ಒಂದು ತೂತು ಉಳಿಯಿತು. ಅತ್ತೆಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ನಮ್ಮ ಚಾವಡಿಯಲ್ಲಿ ಮಾವನವರು ತಂದಿಟ್ಟ ಒಂದು ಲೋಲಕದ ಗೋಡೆ ಗಡಿಯಾರ ಉಂಟು. ಅದು ಗಂಟೆ ಹೊಡೆಯುವುದನ್ನು ಎಣಿಸಿಯೇ ಅತ್ತೆ ಈವರೆಗೆ ಜೀವನ ನಡೆಸಿದ್ದು. ಮುಳ್ಳುಗಳ ಕಡೆಗೆ ನೋಡಿದವರಲ್ಲ. ಗಂಟೆಯ ನಡುವಿನ ನಿಮಿಷಗಳನ್ನು ಹಿಡಿಯಲು ಅದು ಸಾಲದು. ಆದ್ದರಿಂದ ನಾನೇ ಪಾಠ ಸುರುಮಾಡಿದೆ. ರಟ್ಟಿನ ಗಡಿಯಾರ ಕತ್ತರಿಸಿ, ಪೊರಕೆಯಿಂದ ಕಿತ್ತ ಹಿಡಿಕಡ್ಡಿಯ ಎರಡು ಮುಳ್ಳು ಚುಚ್ಚಿ, ಅಕ್ಕಿ ಆರಿಸುತ್ತ ಕುಳಿತವರ ಎದುರು ಹಿಡಿದು, "ದೊಡ್ಡ ಮುಳ್ಳು ಇಲ್ಲಿ, ಸಣ್ಣ ಮುಳ್ಳು ಇಲ್ಲಿ, ಈಗ ಎಷ್ಟು?" ಎಂದು ಕೇಳುವುದು. ಅತ್ತೆ ಬಹಳ ಶ್ರದ್ಧೆಯ ವಿದ್ಯಾರ್ಥಿನಿ. ಕಲಿತದ್ದಷ್ಟೇ ಅಲ್ಲ, "ಮುಳ್ಳನ್ನು ಕೈಯಲ್ಲಿ ತಿರುಗಿಸಿದರೆ ಗಡಿಯಾರ ಹಾಳಾಗುತ್ತದಾ?" ಎಂದು ಪ್ರಶ್ನೆಯನ್ನೂ ಕೇಳಿದರು. ಪ್ರಶ್ನೆ ಕೇಳುವ ಮಕ್ಕಳೆಂದರೆ ನನಗೆ ಪ್ರೀತಿ. "ಇಲ್ಲ ಅತ್ತೆ, ಮೆಲ್ಲಗೆ ತಿರುಗಿಸಬಹುದು" ಎಂದು ಸಂತೋಷದಿಂದಲೇ ಹೇಳಿಕೊಟ್ಟೆ.

ಶಾಲೆಯಲ್ಲಿ ಜಾಗ ಬೇಕಿತ್ತು. ನಮ್ಮ ಹೆಡ್ಮಾಸ್ಟರು ವಯಸ್ಸಾದವರು, ಹೆಂಗಸರ ಎದುರು ಕೆಮ್ಮದೆ ಮಾತಾಡಿದವರಲ್ಲ. ನಾನು ತಡವರಿಸುತ್ತ, "ಸರ್, ಮಧ್ಯಾಹ್ನ ಸ್ವಲ್ಪ ಹೊತ್ತು ನಕ್ಷೆಗಳ ಕೋಣೆ ಬೇಕಿತ್ತು, ಮನೆಯಲ್ಲಿ ಮಗು ಉಂಟಲ್ಲ, ಅದಕ್ಕೆ..." ಎಂದೆ. ಅವರು ಮೂರು ಸಲ ಕೆಮ್ಮಿ, ಕಿಟಕಿಯ ಹೊರಗೆ ನೋಡುತ್ತ, "ಆಗಲಿ, ಆಗಲಿ. ನೀವು ಆ... ಭೂಗೋಳ ನೋಡಿಕೊಳ್ಳಿ" ಎಂದರು. ಅಂದಿನಿಂದ ನಮ್ಮ ಶಾಲೆಯಲ್ಲಿ ಆ ಕೆಲಸಕ್ಕೆ ಭೂಗೋಳ ಎಂದೇ ಹೆಸರು. ಗಂಟೆ ಹೊಡೆಯುವ ಹೊತ್ತಿಗೆ ಅವರು ತರಗತಿಯ ಬಾಗಿಲಿಗೆ ಬಂದು, "ಟೀಚರ್, ಭೂಗೋಳಕ್ಕೆ ಹೊತ್ತಾಯಿತು" ಎಂದು ಕೆಮ್ಮಿ ಹೋಗುತ್ತಿದ್ದರು. ಕಾಲು ಮುರಿದ ಬೆಂಚಿನ ಮೇಲೆ, ಗೋಡೆಗೆ ತೂಗಿದ ಏಷ್ಯಾ ಖಂಡದ ಎದುರು ಕುಳಿತು, ಕಣ್ಣು ಮುಚ್ಚಿ ವಿಮಲಾಳ ಮುಖ ನೆನೆಸಿಕೊಂಡು ನಾನು ಭೂಗೋಳ ಮುಗಿಸುತ್ತಿದ್ದೆ. ಇಂದಿಗೂ ಹಿಮಾಲಯದ ನಕ್ಷೆ ಕಂಡರೆ ನನಗೆ ಹಾಲಿನ ವಾಸನೆ ಬಂದ ಹಾಗಾಗುತ್ತದೆ.

ಕಂಡಕ್ಟರ ಅದ್ರಾಮಾಕ. ನಮ್ಮ ಕಡೆಯ ಮುಸಲ್ಮಾನರಾದ ಬ್ಯಾರಿಗಳಲ್ಲಿ ಹಿರಿಯರ ಹೆಸರಿಗೆ ಆಕ ಎಂದು ಸೇರಿಸಿ ಕರೆಯುವುದು ವಾಡಿಕೆ, ಊರಿಗೆಲ್ಲ ಅವರು ಅದ್ರಾಮಾಕನೇ. ಅವರಿಗೆ ಹಾಲು ಎಂದು ಹೇಳುವುದು ಹೇಗೆ? "ಇದು ಕಷಾಯ, ಅತ್ತೆಗೆ. ಹೊತ್ತಿಗೆ ಸರಿಯಾಗಿ ಮುಟ್ಟಬೇಕು" ಎಂದೆ. "ಆಯಿತು ಟೀಚರ್" ಎಂದು ಅವರು ಡಬ್ಬಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಚರ್ಮದ ಚೀಲದ ಪಕ್ಕದಲ್ಲಿ ಮಡಿಲಲ್ಲಿ ಇಟ್ಟುಕೊಂಡರು. ಇದ್ದಿಲು ತಾಗಿ ಅವರ ಖಾಕಿ ಅಂಗಿಯ ಹೊಟ್ಟೆಯ ಮೇಲೆ ದಿನಕ್ಕೊಂದು ಕಪ್ಪು ಗೀಟು ಬೀಳುತ್ತಿತ್ತು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಮಗು ದುಂಡಗಾಯಿತು. ಅತ್ತೆ ಗಡಿಯಾರದ ಕೆಳಗೆ ಮಣೆ ಹಾಕಿ ಕುಳಿತು, ಮಗ ಮೆಟ್ಟಿಲು ಹತ್ತಿದ ಕೂಡಲೇ ಮುಳ್ಳು ನೋಡಿ, ಡಬ್ಬಿ ತೆಗೆದುಕೊಳ್ಳುವುದು. ನನ್ನ ಗುಟ್ಟನ್ನು ಎಷ್ಟು ಚೆನ್ನಾಗಿ ಕಾಪಾಡಿಕೊಂಡಿದ್ದೇನೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಆಟಿಯ, ಅಂದರೆ ಆಷಾಢದ, ಮಳೆ ಹೊಡೆಯುತ್ತಿದ್ದ ಒಂದು ಸಂಜೆ. ಶಾಲೆ ಬಿಟ್ಟು ಬಸ್ಸು ಹತ್ತಿದೆ. ಅದ್ರಾಮಾಕ ನನ್ನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, "ಟೀಚರ್, ಇವತ್ತು ನಿಮ್ಮ ಕಷಾಯ ಸ್ವಲ್ಪ ತಡ ಆಯಿತು" ಎಂದರು.

"ಎಷ್ಟು ತಡ?"

"ಮುಟ್ಟಿಸುವಾಗ ಗಂಟೆ ಒಂದು ದಾಟಿತ್ತು. ಇಳಿಜಾರಿನಲ್ಲಿ ಪಂಕ್ಚರ್. ಇನ್ನೊಂದು ಟಯರು ಉಂಟಲ್ಲ ಎಂದು ಇಳಿಸಿದರೆ ಅದರಲ್ಲೂ ಗಾಳಿ ಇಲ್ಲ. ಕೊನೆಗೆ ನಾನು ಡಬ್ಬಿ ಹಿಡಿದುಕೊಂಡು ನಡೆದೇ ಬಂದೆ."

"ಬಸ್ಸನ್ನು ಬಿಟ್ಟಾ? ಜನ ಏನೂ ಹೇಳಲಿಲ್ಲವಾ?"

"ಜನರೇ ಕಳುಹಿಸಿದ್ದು ಟೀಚರ್. 'ನೀನು ಡಬ್ಬಿ ಹಿಡಿದು ಓಡು ಮಾರಾಯ, ಅಲ್ಲಿ ಮಗು ಅಳುತ್ತಿರಬಹುದು' ಎಂದು."

ನಾನು ಸೆರಗು ಎಳೆದುಕೊಂಡೆ. "ಮಗು ಎಂದು ಯಾರು ಹೇಳಿದ್ದು?"

"ಯಾರು ಎಂದು ಹೇಳುವ? ಬಸ್ಸಿಗೆ ಬಸ್ಸೇ ಹೇಳಿತು."

"ನಿಮಗೆ ಯಾವಾಗ ಗೊತ್ತಾದದ್ದು?"

"ಮೊದಲನೆಯ ದಿನವೇ. ಕಷಾಯಕ್ಕೆ ಯಾರಾದರೂ ದೃಷ್ಟಿಗೆ ಇದ್ದಿಲು ಕಟ್ಟುತ್ತಾರಾ ಟೀಚರ್?" ಎಂದು ಹೇಳಿ, ಅವರು ಟಿಕೇಟು ಹರಿಯಲು ಮುಂದೆ ಹೋದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನು ಇಷ್ಟು ತಿಂಗಳು ಏಷ್ಯಾ ಖಂ‌ಡದ ಹಿಂದೆ ಅಡಗಿದ್ದೆ. ಪುತ್ತಿಗೆಯಿಂದ ಮೂಡುಬಿದಿರೆಯ ತನಕ ಊರಿಗೆ ಊರೇ ನನ್ನ ಮಗಳ ಊಟದ ಹೊತ್ತು ತಿಳಿದು ಕುಳಿತಿತ್ತು. ಆದರೆ ಅಂದು ನಾಚಿಕೊಳ್ಳಲೂ ನನಗೆ ಪುರಸೊತ್ತಿರಲಿಲ್ಲ. ಹೊತ್ತು ಮೀರಿದೆ. ಮಗು ಉಪವಾಸ. ನಾಳೆಯಿಂದ ನಾನು ಮನೆಯಲ್ಲಿ. ಬಸ್ಸಿನ ಕಿಟಕಿಗೆ ಇಳಿಬಿಟ್ಟ ಟರ್ಪಾಲು ಮಳೆಗೆ ಪಟಪಟ ಹೊಡೆದುಕೊಳ್ಳುತ್ತಿತ್ತು, ನಾನು ಮನಸ್ಸಿನಲ್ಲೇ ರಾಜೀನಾಮೆಯ ಒಕ್ಕಣೆ ಜೋಡಿಸುತ್ತ ಅಳುತ್ತಿದ್ದೆ. ನಮ್ಮ ಕ್ಲಾಸಿನಲ್ಲಿ ಅರ್ಧಕ್ಕೆ ನಿಂತ ಹದಿಮೂರರ ಮಗ್ಗಿಯನ್ನು ನಾಳೆ ಯಾರು ಹೇಳಿಸುತ್ತಾರೆ ಎಂಬುದು ಕೂಡ ನೆನಪಾಗಿ ಇನ್ನಷ್ಟು ಅಳು ಬಂತು.

ಮನೆಗೆ ಬಂದೆ. ಮಗು ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತ ನಗುತ್ತಿತ್ತು. ಹಸಿದ ಮಗುವಿನ ಲಕ್ಷಣವಲ್ಲ. ಒಳಲೆ ತೊಳೆದು ಬೋರಲು ಹಾಕಿತ್ತು. "ಅತ್ತೆ, ಹಾಲು..." ಎಂದೆ.

"ಹೊತ್ತಿಗೆ ಸರಿಯಾಗಿ ಬಂದಿದೆ. ಕುಡಿಸಿದ್ದೇನೆ."

"ಬಸ್ಸು ಪಂಕ್ಚರ್ ಆಗಿತ್ತಂತಲ್ಲ? ಒಂದು ಗಂಟೆ ದಾಟಿತ್ತು ಎಂದರು."

"ಬಸ್ಸಿನ ಸಂಗತಿ ನನಗೆ ಗೊತ್ತಿಲ್ಲ. ನೀನು ಕಲಿಸಿದ ಹಾಗೆ ಮುಳ್ಳು ನೋಡಿದೆ. ಹನ್ನೆರಡು ದಾಟಿ ಸ್ವಲ್ಪವೇ ಆಗಿತ್ತು," ಎಂದು ಪಾತ್ರೆ ತೊಳೆಯಲು ಹೋದರು. ನಾನು ಗಡಿಯಾರ ನೋಡಿದೆ. ಅದರ ಪ್ರಕಾರ ಶಾಲೆ ಬಿಡಲು ಇನ್ನೂ ಸ್ವಲ್ಪ ಹೊತ್ತಿತ್ತು, ನಾನು ಆಗಲೇ ಮನೆಯಲ್ಲಿದ್ದೆ. ಅಳುವ ಭರದಲ್ಲಿ ಅದರ ಅರ್ಥ ನನಗೆ ಹೊಳೆಯಲಿಲ್ಲ. ಗಣಿತದ ಟೀಚರು ಎಂದು ಹೇಳಿಕೊಳ್ಳಲು ಈ ಜಾಗದಲ್ಲಿ ಸ್ವಲ್ಪ ನಾಚಿಕೆಯಾಗುತ್ತದೆ.

ಮಳೆಗಾಲದಲ್ಲಿ ಸೂರ್ಯ ಕಾಣುವುದಿಲ್ಲವಾದ್ದರಿಂದ ನಮ್ಮ ಮನೆಯ ಸಂಜೆಯ ಊಟ ಗಡಿಯಾರ ಆರು ಹೊಡೆಯುವಾಗ. ಯಜಮಾನರು ಬಂದರು. ನನ್ನ ಮುಖ ನೋಡಿ, ತಾಯಿಯ ಮುಖ ನೋಡಿ ತಲೆ ತಗ್ಗಿಸಿದರು. ಆಮೇಲೆ ಅವರು ಹೇಳಿದ್ದು, ಮಧ್ಯಾಹ್ನ ಡಬ್ಬಿಯನ್ನು ತಾಯಿಯ ಕೈಗೆ ಕೊಟ್ಟಾಗ ಅವರು "ನೀನು ಬಸ್‌ಸ್ಟ್ಯಾಂಡಿಗೆ ಹೋಗು" ಎಂದರಂತೆ. ಒಳಗೆ ಮಗು ಚೀರಿ ಅಳುತ್ತಿತ್ತಂತೆ. ಅತ್ತೆ ಎಲೆ ಹಾಕಿ ಕರೆದರು. ಮುಳ್ಳು ಐದರ ಹತ್ತಿರ ಇತ್ತು. "ಇನ್ನೂ ಐದು ಅತ್ತೆ, ಇಷ್ಟು ಬೇಗ ಊಟವಾ?" ಎಂದೆ. "ಮಳೆಗಾಲದ ಹೊತ್ತನ್ನು ನಂಬಲಿಕ್ಕಾಗುವುದಿಲ್ಲ. ಕುಳಿತುಕೊಳ್ಳಿ" ಎಂದರು. ಯಜಮಾನರು ಕೈಗಡಿಯಾರ ನೋಡಿದರು, ಗೋಡೆ ಗಡಿಯಾರ ನೋಡಿದರು, ಬಾಯಿ ತೆರೆದರು. ಅತ್ತೆ ಅವರ ಎಲೆಗೆ ದೊಡ್ಡ ಸೌಟಿನಲ್ಲಿ ಅನ್ನ ಬಡಿಸಿ, "ಬಾಯಿ ತೆರೆದದ್ದು ಒಳ್ಳೆಯದೇ ಆಯಿತು, ಊಟ ಮಾಡು" ಎಂದರು. ಆಗ ಗಡಿಯಾರ ಹೊಡೆಯಿತು. ನಾನು ಅಭ್ಯಾಸಬಲದಿಂದ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಇನ್ನೊಂದು ಹೊಡೆಯಿತು.

ಲೋಲಕದ ಹಳೆಯ ಗಡಿಯಾರಗಳ ಗುಣ ಅದು. ಮುಳ್ಳನ್ನು ಹಿಂದಕ್ಕೆ ತಿರುಗಿಸಬಹುದು, ಆದರೆ ಹೊಡೆದದ್ದನ್ನು ಹಿಂದಕ್ಕೆ ಪಡೆಯಲು ಅದಕ್ಕೆ ಬರುವುದಿಲ್ಲ. ಮಧ್ಯಾಹ್ನ ಒಂದು ಹೊಡೆದಾಗಿತ್ತು, ಆಮೇಲೆ ಯಾರು ಮುಳ್ಳನ್ನು ಎಲ್ಲಿಗೆ ತಿರುಗಿಸಿದರೂ ಅದರ ಲೆಕ್ಕ ಅದರದ್ದು. ಮುಖ ಐದು ಎನ್ನುತ್ತಿತ್ತು, ಬಾಯಿ ಆರು ಎಂದಿತು. ತಮ್ಮ ಜೀವಮಾನದಲ್ಲಿ ಸೋಸದ ಒಂದು ಹನಿ ನೀರನ್ನೂ ಕುಡಿಯದ ಹೆಂಗಸು, ನನ್ನ ಮಗುವಿನ ಹಸಿವಿಗೆ, ನನ್ನ ಕೆಲಸಕ್ಕೆ, ಮಣೆಯ ಮೇಲೆ ನಿಂತು ಆ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಳ್ಳಿದ್ದರು. ನನಗೆ ಅವರ ಮೇಲೆ ಬಂದ ಪ್ರೀತಿಯನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಅನ್ನ ಕಲಸುವುದನ್ನು ಬಿಟ್ಟು ಅವರನ್ನೇ ನೋಡಿದೆ. "ಏನು ನೋಡುತ್ತೀ? ಬೇಗ ಊಟ ಮಾಡು. ನಾಳೆಯೂ ಮಳೆ ಉಂಟು, ಶಾಲೆಗೆ ಆ ಹಳೆಯ ನೀಲಿ ಸೀರೆ ಸಾಕು," ಎಂದರು.

ಮರುದಿನ ಅತ್ತೆ ಉಪವಾಸ ಮಾಡಿದರು. "ಇವತ್ತು ಯಾವ ತಿಥಿ ಅತ್ತೆ?" ಎಂದು ಕೇಳಿದೆ. "ನನಗೆ ಬೇಕಾದ ತಿಥಿ" ಎಂದರು. ಯಜಮಾನರು ಗಡಿಯಾರ ಸರಿಮಾಡಲು ಸ್ಟೂಲು ಎಳೆದರೆ, "ಅದನ್ನು ಮುಟ್ಟಬೇಡ, ಹಳೆಯ ಗಡಿಯಾರ, ನಿಂತುಹೋದರೆ?" ಎಂದು ತಡೆದರು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಎರಡು ಕಾಲ. ಊಟಕ್ಕೆ, ಪೂಜೆಗೆ, ಸೂರ್ಯಾಸ್ತಕ್ಕೆ ಗಡಿಯಾರ ಹೊಡೆದದ್ದು ಲೆಕ್ಕ. ಅದರಲ್ಲಿ ಅತ್ತೆ ಕೂದಲೆಳೆಯಷ್ಟೂ ಬಿಡುವವರಲ್ಲ. ಹಾಲಿಗೆ ಮಾತ್ರ ಮುಳ್ಳು ಲೆಕ್ಕ. ಶಾಲೆಯಲ್ಲಿ ಹನ್ನೆರಡಕ್ಕೆ ಹಿಂಡಿದ ಹಾಲು ಚಾವಡಿಯ ಮುಳ್ಳಿನ ಪ್ರಕಾರ ಹನ್ನೊಂದೂವರೆಯ ಒಳಗೇ ಮನೆ ಸೇರುತ್ತಿತ್ತು. ಅಂದರೆ ನಾನು ಹಿಂಡುವ ಮೊದಲೇ ಮಗು ಕುಡಿದು ಮಲಗಿರುತ್ತಿತ್ತು. ಇಷ್ಟು ತಾಜಾ ಹಾಲನ್ನು ಯಾವ ಶಾಸ್ತ್ರವೂ ದೂರುವಂತಿರಲಿಲ್ಲ. ಇದನ್ನು ಲೆಕ್ಕ ಮಾಡಿ ನೋಡಿದಾಗೆಲ್ಲ ನನ್ನ ತಲೆ ತಿರುಗುತ್ತಿತ್ತು, ಆದರೆ ಆಮೇಲೆ ಎಷ್ಟು ಸಲ ಪಂಕ್ಚರ್ ಆದರೂ ನಮ್ಮ ಮನೆಯಲ್ಲಿ ಹಾಲು ತಡವಾಗಿ ಬರಲಿಲ್ಲ.

ವಿಮಲಾ ಹಾಲು ಬಿಟ್ಟು ವರ್ಷಗಳಾದವು. ಈಗ ಅವಳು ನನ್ನದೇ ಶಾಲೆಯ ಎರಡನೆಯ ಕ್ಲಾಸು, ಅದ್ರಾಮಾಕನ ಬಸ್ಸಿನಲ್ಲೇ ಹೋಗಿ ಬರುತ್ತಾಳೆ. ಬಸ್ಸಿನಲ್ಲಿ ಅವಳಿಗೆ ಕಷಾಯ ಎಂದೇ ಅಡ್ಡಹೆಸರು. ಯಾಕೆ ಎಂದು ಅವಳಿಗೆ ಯಾರೂ ಹೇಳಿಲ್ಲ. ಮೊನ್ನೆ ಕ್ಲಾಸಿನಲ್ಲಿ ಗಡಿಯಾರ ನೋಡುವ ಪಾಠ ಮಾಡಿದೆ. ಅದೇ ರಟ್ಟು, ಅದೇ ಹಿಡಿಕಡ್ಡಿಯ ಮುಳ್ಳು. ಅವಳು ಎಲ್ಲರಿಗಿಂತ ಮೊದಲು ಕಲಿತಳು. ಸಂಜೆ ಮನೆಗೆ ಬಂದು ಚಾವಡಿಯಲ್ಲಿ ನಿಂತು ಗೋಡೆಯನ್ನು ದಿಟ್ಟಿಸಿದಳು. ಅಷ್ಟರಲ್ಲಿ ಗಡಿಯಾರ ಹೊಡೆಯಿತು. ಬೆರಳು ಮಡಚಿ ಎಣಿಸಿದಳು.

"ಅಜ್ಜೀ, ಮುಳ್ಳು ಐದರಲ್ಲಿ ಉಂಟು, ಹೊಡೆದದ್ದು ಆರು. ಯಾವುದು ಸರಿ?"

ಅತ್ತೆ ಎಲೆ ಹಾಕುತ್ತಿದ್ದವರು ತಲೆ ಎತ್ತಲಿಲ್ಲ. "ನನಗೇನು ಗೊತ್ತು ಮಗಾ. ನಿನ್ನ ಅಮ್ಮನನ್ನು ಕೇಳು. ನನಗೆ ಗಡಿಯಾರ ಕಲಿಸಿದ ಟೀಚರು ಅವಳೇ."

ಮಗಳು ನನ್ನ ಕಡೆ ತಿರುಗಿದಳು. ಪ್ರಶ್ನೆ ಕೇಳುವ ಮಕ್ಕಳೆಂದರೆ ನನಗೆ ಪ್ರೀತಿ ಎಂದು ಮೊದಲೇ ಹೇಳಿದ್ದೇನಲ್ಲ. ನಾನು ನಮ್ಮ ಹೆಡ್ಮಾಸ್ಟರರ ಹಾಗೆ ಮೂರು ಸಲ ಕೆಮ್ಮಿ, ಕಿಟಕಿಯ ಹೊರಗೆ ನೋಡುತ್ತ, "ಅದೆಲ್ಲ ಆಮೇಲೆ. ಊಟ ಮುಗಿಸಿ, ಮೊದಲು ಭೂಗೋಳ ಓದು" ಎಂದೆ.